ಕಡಲಿನ ಜಾಡು ಹಿಡಿದವನು

ನಮ್ಮ ಸೀಮೆಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿ ಅಡ್ಡಲಾಗಿ ನಿಂತಿದೆ. ಈ ಕಡೆ ಹುಟ್ಟಿ ಬೆಳೆದವರಿಗೆ ದಾರಿ ಎಂದೊಡನೆ ಕಣ್ಣಿಗೆ ಕಟ್ಟುವುದು ಸಾಲುಮರ, ಮೈಲಿಗಲ್ಲು, ಗಾಡಿಯ ಚಕ್ರ ಕೊರೆದ ಜಾಡು. ಕಡಲಿನ ಮೇಲೆ ಜಾಡು ನಿಲ್ಲುವುದಿಲ್ಲ. ಹಡಗು ಸೀಳಿದ ನೀರು ಅರೆಗಳಿಗೆಯಲ್ಲಿ ಕೂಡಿಕೊಂಡು ಏನೂ ನಡೆಯದಂತೆ ಇದ್ದುಬಿಡುತ್ತದೆ. ಹೀಗಿದ್ದರೂ ಕಡಲಿನ ಮೇಲೆ ದಾರಿಗಳುಂಟು, ತಿಂಗಳಿಂದ ತಿಂಗಳಿಗೆ ಅವು ಸರಿಯುತ್ತವೆ, ಅವನ್ನು ಕಾಗದದ ಮೇಲೆ ಬರೆದು ತೋರಿಸಬಹುದು ಎಂದು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಒಬ್ಬ ನೌಕಾಧಿಕಾರಿ ಲೋಕಕ್ಕೆ ತೋರಿಸಿಕೊಟ್ಟನು. ಆತನು ಕುಂಟ. ಅದನ್ನು ತೋರಿಸಿಕೊಟ್ಟದ್ದು ಹಡಗಿನ ಅಟ್ಟದ ಮೇಲೆ ನಿಂತಲ್ಲ, ವಾಷಿಂಗ್ಟನ್ ನಗರದ ಒಂದು ಕಚೇರಿಯಲ್ಲಿ ಕುಳಿತು. ಮ್ಯಾಥ್ಯೂ ಫಾಂಟೇನ್ ಮೌರಿ ಎಂಬುದು ಅವನ ಹೆಸರು. ಅವನ ಕಥೆ ಹೊಗಳಿಯೇ ಮುಗಿಸಬಹುದಾದ ಕಥೆಯಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಮೌರಿ ಹುಟ್ಟಿದ್ದು ೧೮೦೬ ನೆಯ ಇಸವಿ ಜನವರಿ ತಿಂಗಳಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ವರ್ಜೀನಿಯಾ ಪ್ರಾಂತದಲ್ಲಿ. ಮಗು ಐದು ವರ್ಷದ್ದಾಗಿದ್ದಾಗ ಮನೆಯವರು ಪಶ್ಚಿಮಕ್ಕೆ, ಟೆನೆಸಿಯ ಹೊಸ ಸೀಮೆಗೆ ವಲಸೆ ಹೋದರು. ಅಲ್ಲಿ ಹೊಲದ ಕೆಲಸ. ಓದಿಗೆ ಬಿಡುವು ಕಡಮೆ. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗ ಮರದಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡನು. ಇನ್ನು ಇವನು ಹೊಲಕ್ಕೆ ಆಗತಕ್ಕವನಲ್ಲ ಎಂದು ತಂದೆ ಶಾಲೆಗೆ ಕಳುಹಿಸಿದನು. ಮೌರಿಯ ಬಾಳಿನಲ್ಲಿ ಕೆಳಗೆ ಬಿದ್ದದ್ದರಿಂದ ವಿದ್ಯೆ ಬಂದದ್ದು ಇದು ಮೊದಲನೆಯ ಸಲ. ಎರಡನೆಯದು ಮುಂದೆ ಬರುತ್ತದೆ.

ಅವನ ಹಿರಿಯಣ್ಣ ಜಾನ್ ನೌಕಾಬಲದಲ್ಲಿದ್ದವನು, ಹಡಗಿನ ಮೇಲೆಯೇ ಹಳದಿ ಜ್ವರ ಬಂದು ತೀರಿಕೊಂಡಿದ್ದನು. ಒಬ್ಬ ಮಗನನ್ನು ಕಡಲಿಗೆ ಕೊಟ್ಟ ತಂದೆ ಇನ್ನೊಬ್ಬನನ್ನೂ ಹೇಗೆ ತಾನೆ ಕಳುಹಿಸಿಯಾನು? ೧೮೨೫ ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೌರಿ ತಂದೆಯ ಒಪ್ಪಿಗೆಯಿಲ್ಲದೆಯೇ ಮನೆ ಬಿಟ್ಟು ಹೊರಟು ಮಿಡ್‌ಷಿಪ್‌ಮನ್ ಎಂಬ ಕಿರಿಯ ಪದವಿಗೆ ಸೇರಿಕೊಂಡನು. ಅವನ ಮೊದಲ ಹಡಗು ‘ಬ್ರಾಂಡಿವೈನ್’. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಕಾದಿದ ಮುದುಕ ಲಾಫಯೆಟ್ ಮಹಾಶಯನನ್ನು ಫ್ರಾನ್ಸಿಗೆ ಹಿಂದಕ್ಕೆ ಕರೆದೊಯ್ದ ಹಡಗು ಅದು. ಮುಂದೆ ‘ವಿನ್ಸೆನ್ಸ್’ ಎಂಬ ಹಡಗಿನಲ್ಲಿ ಲೋಕವನ್ನು ಸುತ್ತಿ ೧೮೩೦ ರಲ್ಲಿ ಮರಳಿದನು. ಅಮೆರಿಕದ ಯುದ್ಧನೌಕೆಗಳಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲನೆಯದು ಅದೇ. ಆ ಕಾಲದಲ್ಲಿ ಅಮೆರಿಕಕ್ಕೆ ನೌಕಾವಿದ್ಯಾಶಾಲೆ ಇರಲಿಲ್ಲ; ಹುಡುಗರು ಕಲಿತರೆ ಹಡಗಿನ ಮೇಲೆಯೇ ಕಲಿಯಬೇಕು. ಮೌರಿ ಫಿರಂಗಿಯ ಗುಂಡುಗಳ ಮೇಲೆ ಸೀಮೆಸುಣ್ಣದಿಂದ ಗೋಳತ್ರಿಕೋಣಗಳನ್ನು ಬರೆದಿಟ್ಟು, ಕಾವಲು ತಿರುಗುವಾಗ ಅವನ್ನು ಬಿಡಿಸುತ್ತಿದ್ದನೆಂದು ಹೇಳುತ್ತಾರೆ. ನಮಗಂತೂ ಇದು ನಿಜವೆಂದೇ ತೋರುತ್ತದೆ. ಗೋಳದ ಗಣಿತ ಕಲಿಯಲು ಗುಂಡಿಗಿಂತ ಒಳ್ಳೆಯ ಹಲಗೆ ಯಾವುದು?

೧೮೩೧ ರಲ್ಲಿ ಅವನನ್ನು ‘ಫಾಲ್ಮತ್’ ಎಂಬ ಹಡಗಿಗೆ ದಾರಿ ನೋಡುವ ಅಧಿಕಾರಿಯನ್ನಾಗಿ ಹಾಕಿದರು. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನು ಸುತ್ತಿ ಶಾಂತಸಾಗರಕ್ಕೆ ಹೋಗಬೇಕು. ಅಲ್ಲಿಯ ಗಾಳಿ ಯಾವ ತಿಂಗಳು ಹೇಗೆ ಬೀಸುತ್ತದೆ, ನೀರಿನ ಸೆಳೆತ ಯಾವ ಕಡೆಗೆ ಎಂದು ತಿಳಿಸುವ ಪುಸ್ತಕವೊಂದನ್ನು ಹುಡುಕಿದನು. ಎಲ್ಲಿಯೂ ಸಿಕ್ಕಲಿಲ್ಲ. ಇನ್ನೂರು ವರ್ಷಗಳಿಂದ ಹಡಗುಗಳು ಆ ಭೂಶಿರವನ್ನು ಸುತ್ತುತ್ತಿದ್ದವು. ಪ್ರತಿಯೊಬ್ಬ ಕಪ್ತಾನನೂ ತಾನು ಕಂಡದ್ದನ್ನು ತನ್ನ ಜೊತೆಯಲ್ಲೇ ಮಣ್ಣಿಗೆ ಒಯ್ದಿದ್ದನು. ಆ ಯಾನದಿಂದ ಹಿಂದಿರುಗಿದ ಮೇಲೆ ಮೌರಿ ಅದರ ವಿಷಯವಾಗಿ ಒಂದು ಲೇಖನ ಬರೆದನು. ೧೮೩೬ ರಲ್ಲಿ ನೌಕಾಯಾನದ ಪಠ್ಯಪುಸ್ತಕವನ್ನೂ ಹೊರತಂದನು. ಅದೇ ವರ್ಷ ಲೆಫ್ಟಿನೆಂಟ್ ಆದನು.

ಇನ್ನು ಎರಡನೆಯ ಬೀಳು. ೧೮೩೯ ರ ಅಕ್ಟೋಬರಿನಲ್ಲಿ, ತನ್ನ ಹಡಗನ್ನು ಸೇರುವುದಕ್ಕಾಗಿ ಮೌರಿ ಒಹಾಯೊ ಪ್ರಾಂತದಲ್ಲಿ ಬಾಡಿಗೆಯ ಕುದುರೆಬಂಡಿಯಲ್ಲಿ ಪ್ರಯಾಣಮಾಡುತ್ತಿದ್ದನು. ಬಂಡಿಯೊಳಗೆ ತನಗಿದ್ದ ಜಾಗವನ್ನು ಹೆಂಗಸೊಬ್ಬಳಿಗೆ ಬಿಟ್ಟುಕೊಟ್ಟು ಹೊರಗೆ ಗಾಡಿಯವನ ಬಳಿ ಕುಳಿತನು. ಕತ್ತಲಲ್ಲಿ ಬಂಡಿ ಉರುಳಿತು. ಅವನ ಬಲಗಾಲು ಮುರಿಯಿತು. ಮೂಳೆಯನ್ನು ತಪ್ಪಾಗಿ ಕೂಡಿಸಿದ್ದರಿಂದ ಮತ್ತೆ ಮುರಿದು ಕೂಡಿಸಬೇಕಾಯಿತು. ಮೈಮರೆಸುವ ಔಷಧ ಇನ್ನೂ ಬಳಕೆಗೆ ಬಂದಿರಲಿಲ್ಲ. ಮೂವತ್ತಮೂರನೆಯ ವಯಸ್ಸಿನಲ್ಲಿ ಅವನು ಜೀವಾವಧಿ ಕುಂಟನಾದನು. ಹಡಗಿನ ಮೇಲೆ ನಿಲ್ಲಲಾರದ ನೌಕಾಧಿಕಾರಿ ಏನು ಮಾಡಬೇಕು? ಹಾಸಿಗೆಯಲ್ಲಿ ಮಲಗಿದ್ದವನು ಲೇಖನಿ ಹಿಡಿದನು. ‘ಹ್ಯಾರಿ ಬ್ಲಫ್’ ಎಂಬ ಸುಳ್ಳು ಹೆಸರಿನಿಂದ ಒಂದು ಮಾಸಪತ್ರಿಕೆಯಲ್ಲಿ ನೌಕಾ ಇಲಾಖೆಯ ದುಂದು, ಅದಕ್ಷತೆ, ತರಬೇತಿಯ ಕೊರತೆ ಇವುಗಳನ್ನು ಬಿಚ್ಚಿಟ್ಟನು. ಆನಪೊಲಿಸ್ಸಿನಲ್ಲಿ ೧೮೪೫ ರಲ್ಲಿ ನೌಕಾ ವಿದ್ಯಾಲಯವು ಸ್ಥಾಪಿತವಾದುದಕ್ಕೆ ಆ ಲೇಖನಗಳೂ ಒಂದು ಕಾರಣ. ಬರೆದವನು ಯಾರೆಂಬುದು ಹೊರಬಿದ್ದಾಗ ಅವನಿಗೆ ಹೆಸರೂ ಬಂತು, ಮೇಲಿನವರಲ್ಲಿ ಹಗೆಯೂ ಬೆಳೆಯಿತು.

೧೮೪೨ ರಲ್ಲಿ ಸರ್ಕಾರ ಅವನಿಗೆ ವಾಷಿಂಗ್ಟನ್ನಿನ ‘ನಕ್ಷೆ ಮತ್ತು ಉಪಕರಣಗಳ ಉಗ್ರಾಣ’ದ ಮೇಲ್ವಿಚಾರಣೆ ವಹಿಸಿತು. ಹೆಸರೇ ಹೇಳುವಂತೆ ಅದೊಂದು ಉಗ್ರಾಣ. ಹಡಗುಗಳ ಕಾಲಮಾಪಕಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡುವುದು, ನಕ್ಷೆಗಳನ್ನು ಹಂಚುವುದು, ಇಷ್ಟೇ ಕೆಲಸ. ಅಲ್ಲಿ ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಪುಸ್ತಕಗಳ ಮೇಲೆ ಮೌರಿಯ ಕಣ್ಣು ಬಿತ್ತು. ನೌಕಾಬಲ ಹುಟ್ಟಿದಂದಿನಿಂದ ಯಾನ ಮುಗಿಸಿ ಬಂದ ಹಡಗುಗಳು ಒಪ್ಪಿಸಿದ ದಿನಚರಿ ಪುಸ್ತಕಗಳವು. ಗಾಳಿ ಯಾವ ದಿಕ್ಕಿನಿಂದ, ಹಡಗಿನ ವೇಗವೆಷ್ಟು, ಅಕ್ಷಾಂಶ ರೇಖಾಂಶಗಳೇನು, ಮಳೆಯೋ ಮಂಜೋ, ನೀರಿನ ಸೆಳೆತ ಎತ್ತ ಎಂಬುದನ್ನೆಲ್ಲ ಗಳಿಗೆ ಗಳಿಗೆಗೂ ಅವುಗಳಲ್ಲಿ ಗುರುತು ಹಾಕಿದ್ದರು. ಬರೆದವರು ನಿಯಮಕ್ಕಾಗಿ ಬರೆದಿದ್ದರು, ತೆಗೆದುಕೊಂಡವರು ನಿಯಮಕ್ಕಾಗಿ ತೆಗೆದುಕೊಂಡಿದ್ದರು. ಓದುವುದು ಯಾವ ನಿಯಮದಲ್ಲಿಯೂ ಇರಲಿಲ್ಲ. ಹತ್ತು ವರ್ಷ ಹಿಂದೆ ಫಾಲ್ಮತ್ ಹಡಗಿನಲ್ಲಿ ತಾನು ಹುಡುಕಿ ಕಾಣದಿದ್ದ ಪುಸ್ತಕ ಇದೇ ಎಂಬುದು ಮೌರಿಗೆ ಹೊಳೆಯಿತು. ಅದು ಸಾವಿರ ಚೂರುಗಳಾಗಿ ಬಿದ್ದಿತ್ತು, ಅಷ್ಟೆ.

ಅವನು ಮಾಡಿದ್ದು ಗುಮಾಸ್ತೆಯ ಕೆಲಸ. ಇದನ್ನು ಕೀಳುಮಾಡಿ ಹೇಳುತ್ತಿಲ್ಲ. ಸಮುದ್ರವನ್ನು ಕಾಗದದ ಮೇಲೆ ಐದೈದು ಅಂಶಗಳ ಚೌಕಗಳಾಗಿ ಗೆರೆ ಎಳೆದನು. ಒಂದೊಂದು ಚೌಕದಲ್ಲೂ ದಿಕ್ಕುಗಳ ಹದಿನಾರು ಕವಲುಗಳುಳ್ಳ ಒಂದು ಚಕ್ರ. ಜನವರಿಯಲ್ಲಿ ಈ ಚೌಕದೊಳಗೆ ಹಾದ ಹಡಗುಗಳಿಗೆ ಈಶಾನ್ಯದ ಗಾಳಿ ಎಷ್ಟು ಸಲ ಸಿಕ್ಕಿತು, ನೈಋತ್ಯದ ಗಾಳಿ ಎಷ್ಟು ಸಲ, ಗಾಳಿಯೇ ಇಲ್ಲದೆ ಹಾಯಿ ಜೋತುಬಿದ್ದದ್ದು ಎಷ್ಟು ಸಲ ಎಂದು ಎಣಿಸಿ ಅಂಕಿ ತುಂಬುವುದು. ಹಾಗೆಯೇ ಹನ್ನೆರಡು ತಿಂಗಳಿಗೂ, ಚೌಕ ಚೌಕಕ್ಕೂ. ಒಬ್ಬ ಕಪ್ತಾನನ ಮಾತು ಅವನ ಅದೃಷ್ಟದ ಕಥೆಯಾಗಿರಬಹುದು. ನೂರು ಮಂದಿ ಒಬ್ಬರನ್ನೊಬ್ಬರು ಕಾಣದೆ ಒಂದೇ ಮಾತನ್ನು ಬರೆದಿದ್ದರೆ ಅದು ಕಡಲಿನದೇ ಮಾತು. ೧೮೪೭ ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಮೊದಲ ಗಾಳಿ-ಪ್ರವಾಹಗಳ ಪಟವು ಅಚ್ಚಾಗಿ ಬಂತು.

ಅದನ್ನು ನಂಬಿದವರು ಮೊದಮೊದಲು ಬಹಳ ಮಂದಿಯಿಲ್ಲ. ಬ್ರೆಜಿಲ್ ದೇಶದ ಪೂರ್ವದ ಮೊನೆಯಲ್ಲಿ ಸಾವೊ ರೋಕೆ ಎಂಬ ಭೂಶಿರವುಂಟು. ಅದರ ಬಳಿ ಘೋರವಾದ ಸೆಳೆತವಿದೆ, ಹತ್ತಿರ ಹೋದ ಹಡಗು ಪಶ್ಚಿಮಕ್ಕೆ ಕೊಚ್ಚಿಹೋಗಿ ಮತ್ತೆ ಮೇಲೇರಲಾರದು ಎಂಬ ಭಯ ನಾವಿಕರಲ್ಲಿ ತಲೆತಲಾಂತರದಿಂದ ಬಂದಿತ್ತು. ಆ ಭಯಕ್ಕಾಗಿ ಅಮೆರಿಕದಿಂದ ರಿಯೊಗೆ ಹೋಗುವ ಹಡಗುಗಳು ಅಟ್ಲಾಂಟಿಕವನ್ನು ಅಡ್ಡಹಾಯ್ದು ಆಫ್ರಿಕದ ಕಡೆಗೆ ಬಹುದೂರ ಸಾಗಿ, ಮತ್ತೆ ಇತ್ತ ತಿರುಗುತ್ತಿದ್ದವು. ಮೌರಿ ದಿನಚರಿಗಳನ್ನು ನೋಡಿದನು. ಭೂಶಿರದ ಹತ್ತಿರ ನಿಜವಾಗಿ ಹೋದವರ ಬರವಣಿಗೆಯಲ್ಲಿ ಆ ಘೋರ ಸೆಳೆತದ ಸುಳಿವೇ ಇರಲಿಲ್ಲ. ದೂರದಿಂದ ಹೆದರಿದವರ ಪುಸ್ತಕಗಳಲ್ಲಿ ಮಾತ್ರ ಅದು ಇತ್ತು. ನೇರವಾಗಿ ಹೋಗಿ ಎಂದು ಅವನು ಪಟದಲ್ಲಿ ಗೆರೆ ಎಳೆದನು. ೧೮೪೮ ರಲ್ಲಿ ಬಾಲ್ಟಿಮೋರಿನ ಜಾಕ್ಸನ್ ಎಂಬ ಕಪ್ತಾನನು ಧೈರ್ಯಮಾಡಿ ಆ ಗೆರೆಯನ್ನು ಹಿಡಿದು ರಿಯೊಗೆ ಹೋದನು. ಹೋಗಿ ಬರುವುದರಲ್ಲಿ ತಿಂಗಳಿಗೂ ಮಿಕ್ಕ ಕಾಲ ಉಳಿಯಿತು. ಬಂದರಿನಿಂದ ಬಂದರಿಗೆ ಸುದ್ದಿ ಹಬ್ಬಲು ಇನ್ನೇನು ಬೇಕು?

ಮರುವರ್ಷವೇ ಕಾಲಿಫೋರ್ನಿಯದ ಚಿನ್ನದ ನೂಕುನುಗ್ಗಲು ಮೊದಲಾಯಿತು. ನ್ಯೂಯಾರ್ಕಿನಿಂದ ಹಾರ್ನ್ ಭೂಶಿರವನ್ನು ಸುತ್ತಿ ಸಾನ್ ಫ್ರಾನ್ಸಿಸ್ಕೊ ಮುಟ್ಟಲು ಸಾಮಾನ್ಯ ಹಡಗಿಗೆ ಆರು ತಿಂಗಳ ಮಾತು. ೧೮೫೧ ರಲ್ಲಿ ‘ಫ್ಲೈಯಿಂಗ್ ಕ್ಲೌಡ್’ ಎಂಬ ಹಾಯಿಹಡಗು ಆ ದಾರಿಯನ್ನು ೯೦ ದಿನಗಳೊಳಗೆ ಮುಗಿಸಿತು. ೧೮೫೪ ರಲ್ಲಿ ಅದೇ ಹಡಗು ಇನ್ನೂ ಕೆಲವು ಗಂಟೆ ಕಡಮೆಯಲ್ಲಿ ಮುಟ್ಟಿತು. ಹಾಯಿಯಿಂದ ಆ ಕಾಲವನ್ನು ಮೀರಲು ೧೯೮೯ ರ ವರೆಗೂ ಯಾರಿಗೂ ಸಾಧ್ಯವಾಗಲಿಲ್ಲ. ಹಡಗು ಚೆನ್ನಾದದ್ದೇ, ಕಪ್ತಾನ ಕ್ರೀಸಿಯೂ ಗಟ್ಟಿಗನೇ. ಆದರೆ ಸೂರ್ಯ ನಕ್ಷತ್ರಗಳನ್ನು ಅಳೆದು, ಮೌರಿಯ ಪಟಗಳನ್ನು ಮುಂದಿಟ್ಟುಕೊಂಡು ದಾರಿಯನ್ನು ಲೆಕ್ಕಹಾಕುತ್ತಿದ್ದವಳು ಕಪ್ತಾನನ ಹೆಂಡತಿ ಎಲಿನಾರ್ ಕ್ರೀಸಿ. ಈ ಸಂಗತಿಯನ್ನು ನಮ್ಮ ಶ್ರೋತೃಗಳಲ್ಲಿ ಕೆಲವರಾದರೂ ಸಂತೋಷದಿಂದ ಕೇಳುವರೆಂದು ನಂಬಿದ್ದೇವೆ.

ಇಲ್ಲಿ ಮೌರಿಯ ಜಾಣತನವೊಂದನ್ನು ಹೇಳಬೇಕು. ಪಟಗಳು ಬೇಕೆಂದು ಕೇಳಿದ ಕಪ್ತಾನರಿಂದ ಅವನು ಹಣ ತೆಗೆದುಕೊಳ್ಳಲಿಲ್ಲ. ಅಚ್ಚುಹಾಕಿದ ಖಾಲಿ ಪುಸ್ತಕವೊಂದನ್ನು ಕೊಟ್ಟು, ಮುಂದಿನ ಯಾನದ ಗಾಳಿ, ನೀರಿನ ಉಷ್ಣತೆ, ವಾಯುಭಾರ ಇವುಗಳನ್ನು ದಿನದಿನವೂ ತುಂಬಿ ಕಳುಹಿಸಿ ಎಂದನು. ಅದೇ ಪಟದ ಬೆಲೆ. ಸೀಸೆಯೊಳಗೆ ದಿನಾಂಕ ಸ್ಥಳಗಳ ಚೀಟಿಯಿಟ್ಟು ಬಾಯಿ ಮುಚ್ಚಿ ಕಡಲಿಗೆ ಎಸೆಯಿರಿ, ಇಂಥ ಸೀಸೆ ಸಿಕ್ಕಿದರೆ ತಿಳಿಸಿ ಎಂದನು. ತಿಮಿಂಗಿಲ ಬೇಟೆಯವರನ್ನೂ ಬಿಡಲಿಲ್ಲ. ಅವರ ದಿನಚರಿಗಳಿಂದ, ‘ರೈಟ್ ವೇಲ್’ ಎಂಬ ಜಾತಿಯ ತಿಮಿಂಗಿಲವು ಭೂಮಧ್ಯರೇಖೆಯ ಬೆಚ್ಚನೆಯ ನೀರನ್ನು ಬೆಂಕಿಯಂತೆ ಕಂಡು ಎಂದಿಗೂ ದಾಟುವುದಿಲ್ಲವೆಂಬುದನ್ನು ತೋರಿಸಿದನು. ಸಾವಿರಾರು ಹಡಗುಗಳು ಕೂಲಿಯಿಲ್ಲದ ವೀಕ್ಷಣಾಲಯಗಳಾದವು. ಉತ್ತರ ದಕ್ಷಿಣ ಅಟ್ಲಾಂಟಿಕಗಳು, ಶಾಂತಸಾಗರ, ನಮ್ಮ ಹಿಂದೂ ಮಹಾಸಾಗರ, ಎಲ್ಲಕ್ಕೂ ಪಟಗಳು ಬಂದವು.

ಹಿಂದೂ ಮಹಾಸಾಗರದ ಮಾತು ಬಂದುದರಿಂದ ಒಂದು ಕ್ಷಣ ನಿಲ್ಲೋಣ. ನಮ್ಮ ಪಡುವಣ ಕರಾವಳಿಯ ನಾವಿಕರಿಗೆ ಮುಂಗಾರು ಹಿಂಗಾರುಗಳ ಗಾಳಿ ಅಂಗೈಯ ಗೆರೆಯಂತೆ ತಿಳಿದಿತ್ತು. ಮುಂಗಾರಿನ ಬಿರುಸಿನಲ್ಲಿ ದೋಣಿಗಳನ್ನು ದಡಕ್ಕೆಳೆದು ಹೊದಿಸಿಟ್ಟು, ಶ್ರಾವಣದ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ನೀರಿಗಿಳಿಸುತ್ತಿದ್ದರು. ಆ ಅರಿವು ತಂದೆಯಿಂದ ಮಗನಿಗೆ ಬಾಯಿಂದ ಬಾಯಿಗೆ ಇಳಿದು ಬಂದದ್ದು. ಅದನ್ನು ಎಣಿಸಿ, ಬರೆದು, ಹೊರಗಿನವನಿಗೂ ಕೊಡಬೇಕೆಂಬ ಯೋಚನೆ ಯಾರಿಗೂ ಬಂದಿರಲಿಲ್ಲ. ಹೊರಗಿನವನು ಎಷ್ಟೋ ಸಲ ಫಿರಂಗಿ ಹೊತ್ತು ಬರುತ್ತಿದ್ದವನಾದ್ದರಿಂದ ಬರಬೇಕಾಗಿಯೂ ಇರಲಿಲ್ಲ. ಮೌರಿ ಬರೆದ ‘ಸಮುದ್ರದ ಪ್ರಾಕೃತಿಕ ಭೂಗೋಳ’ ಎಂಬ ಪುಸ್ತಕವು ೧೮೫೫ ರಲ್ಲಿ ಪ್ರಕಟವಾಯಿತು. ಅದರಲ್ಲಿ ಮುಂಗಾರು ಮಾರುತಕ್ಕೇ ಒಂದು ಅಧ್ಯಾಯವಿದೆ. ಬೇಸಗೆಯಲ್ಲಿ ಕಾದ ಏಷ್ಯದ ನೆಲವು ಕಡಲಿನ ಗಾಳಿಯನ್ನು ತನ್ನತ್ತ ಸೆಳೆಯುವ ಬಗೆಯನ್ನು ಅಲ್ಲಿ ಅವನು ವಿವರಿಸುತ್ತಾನೆ.

೧೮೫೩ ನೆಯ ವರ್ಷವನ್ನು ಅವನ ಬಾಳಿನ ನೆತ್ತಿ ಎನ್ನಬೇಕು. ಆ ವರ್ಷದ ಆಗಸ್ಟಿನಲ್ಲಿ, ಅವನ ಪ್ರೇರಣೆಯಿಂದ, ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಹತ್ತು ದೇಶಗಳ ಪ್ರತಿನಿಧಿಗಳು ಸೇರಿದರು. ಬ್ರಿಟನ್, ಫ್ರಾನ್ಸ್, ರಷ್ಯ, ಹಾಲೆಂಡ್, ಡೆನ್ಮಾರ್ಕ್, ಪೋರ್ಚುಗಲ್ ಮುಂತಾದವರೆಲ್ಲ ಇದ್ದರು. ಗಣಿತಜ್ಞ ಕೆಟಲೆ ಅಧ್ಯಕ್ಷನಾಗಿದ್ದನು. ಯಾವ ಬಾವುಟದ ಹಡಗಾದರೂ ಒಂದೇ ಬಗೆಯ ಕೋಷ್ಟಕದಲ್ಲಿ ಗಾಳಿ ನೀರುಗಳ ಲೆಕ್ಕ ಬರೆಯಬೇಕೆಂದು ಅಲ್ಲಿ ಒಪ್ಪಿಗೆಯಾಯಿತು. ಅದಾದ ಆರೇಳು ತಿಂಗಳಲ್ಲಿ ಬ್ರಿಟನ್ನೂ ಫ್ರಾನ್ಸೂ ರಷ್ಯದ ಮೇಲೆ ಯುದ್ಧ ಸಾರಿದವು. ಬ್ರಸೆಲ್ಸಿನ ಕೋಷ್ಟಕ ಮಾತ್ರ ಉಳಿಯಿತು. ಕಾದಾಡುವ ರಾಜ್ಯಗಳು ಸಹ ಗಾಳಿಯ ವಿಷಯದಲ್ಲಿ ಒಂದೇ ಪುಸ್ತಕದಲ್ಲಿ ಬರೆಯಬಹುದೆಂಬುದು ಹೊಸ ಮಾತು.

ಸಮುದ್ರದ ಮೇಲ್ಮೈ ಸಾಲದೆಂದು ಮೌರಿ ಅದರ ತಳಕ್ಕೂ ಕೈ ಹಾಕಿದನು. ಆಳದ ಕಡಲಿನಲ್ಲಿ ಹುರಿಗೆ ಗುಂಡು ಕಟ್ಟಿ ಇಳಿಬಿಟ್ಟರೆ, ಅದು ತಳ ಮುಟ್ಟಿದ ಮೇಲೂ ಪ್ರವಾಹಕ್ಕೆ ಸಿಕ್ಕಿ ಹುರಿ ಓಡುತ್ತಲೇ ಇರುತ್ತದೆ. ಆಳ ಎಷ್ಟೆಂದು ತಿಳಿಯುವುದೇ ಇಲ್ಲ. ಅವನ ಕೈಕೆಳಗಿದ್ದ ಬ್ರೂಕ್ ಎಂಬ ತರುಣ ಅಧಿಕಾರಿ ಒಂದು ಉಪಾಯ ಹೂಡಿದನು: ನಡುವೆ ತೂತು ಕೊರೆದ ಫಿರಂಗಿಯ ಗುಂಡಿನೊಳಗೆ ಒಂದು ಸರಳು, ತಳಕ್ಕೆ ತಾಕಿದೊಡನೆ ಗುಂಡು ಕಳಚಿಕೊಂಡು ಅಲ್ಲಿಯೇ ಉಳಿಯುತ್ತದೆ, ಸರಳು ಮಾತ್ರ ತುದಿಯಲ್ಲಿ ಚಿಟಿಕೆಯಷ್ಟು ಕೆಸರು ಮೆತ್ತಿಕೊಂಡು ಮೇಲಕ್ಕೆ ಬರುತ್ತದೆ. ಆ ಕೆಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಮರಳಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳು. ಒಂದೂ ಸವೆದಿರಲಿಲ್ಲ, ಒಡೆದಿರಲಿಲ್ಲ. ಅಷ್ಟು ಆಳದಲ್ಲಿ ನೀರು ಅಲುಗುವುದೇ ಇಲ್ಲ, ಅಲ್ಲಿ ತಂತಿ ಹಾಸಿದರೆ ಅದು ಸವೆಯದೆ ಇರುತ್ತದೆ ಎಂದು ಮೌರಿ ತರ್ಕಿಸಿದನು. ೧೮೫೮ ರಲ್ಲಿ ಯೂರೋಪಿಗೂ ಅಮೆರಿಕಕ್ಕೂ ನಡುವೆ ಕಡಲಡಿಯ ಮೊದಲ ತಂತಿಯನ್ನು ಎಳೆದವರು ಈ ತರ್ಕವನ್ನು ಆಧಾರವಾಗಿಟ್ಟುಕೊಂಡರು. ಸುಮಾರು ಇನ್ನೂರು ಕಡೆ ಆಳ ನೋಡಿದ ಅಂಕಿಗಳಿಂದ ೧೮೫೪ ರಲ್ಲಿ ಅವನು ಉತ್ತರ ಅಟ್ಲಾಂಟಿಕದ ತಳದ ಪಟವೊಂದನ್ನು ಬರೆದನು. ಸಾಗರದ ನಟ್ಟನಡುವೆ ನೆಲ ಎದ್ದುನಿಂತಿರುವುದು ಅದರಲ್ಲಿ ಕಾಣುತ್ತದೆ. ಅವನು ಅದಕ್ಕೆ ‘ನಡುನೆಲ’ ಎಂಬರ್ಥದ ಹೆಸರನ್ನಿಟ್ಟನು.

ಅಂಕಿಗಳನ್ನು ಬಿಟ್ಟು ಸಿದ್ಧಾಂತಕ್ಕೆ ಏರಿದಾಗ ಮಾತ್ರ ಅವನ ಕಾಲು ಅಷ್ಟು ಗಟ್ಟಿಯಾಗಿರಲಿಲ್ಲ. ಗಾಳಿ ಏಕೆ ಹಾಗೆ ಸುತ್ತುತ್ತದೆ ಎಂಬುದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಅಯಸ್ಕಾಂತಶಕ್ತಿಯೂ ಬೈಬಲ್ಲಿನ ವಾಕ್ಯಗಳೂ ಬೆರೆತಿದ್ದವು. ಉತ್ತರ ಧ್ರುವದ ಸುತ್ತ ಹಿಮವಿಲ್ಲದ ತೆರೆದ ಕಡಲುಂಟೆಂದು ಅವನು ಕೊನೆಯವರೆಗೂ ನಂಬಿದ್ದನು, ಅಂಥ ಕಡಲಿಲ್ಲ. ಅಂದಿನ ಪಂಡಿತರು ಅವನನ್ನು ಹಗುರವಾಗಿ ಕಂಡರು. ಟೆನೆಸಿಯಲ್ಲಿ ಪಾಠ ಹೇಳಿಕೊಂಡಿದ್ದ ವಿಲಿಯಂ ಫೆರೆಲ್ ಎಂಬಾತನು ಅವನ ಪುಸ್ತಕವನ್ನು ಓದಿ, ವಿವರಣೆ ಒಪ್ಪಿಗೆಯಾಗದೆ, ೧೮೫೬ ರಲ್ಲಿ ತಾನೇ ಒಂದು ಪ್ರಬಂಧ ಬರೆದನು. ಭೂಮಿಯ ತಿರುಗುವಿಕೆಯಿಂದ ಗಾಳಿ ಪಕ್ಕಕ್ಕೆ ವಾಲುವ ತತ್ತ್ವವು ವಾಯುಶಾಸ್ತ್ರಕ್ಕೆ ಬಂದುದು ಆ ಪ್ರಬಂಧದಿಂದ. ಇಂಥ ತಪ್ಪುಗಳನ್ನು ನಾವು ಸುಲಭವಾಗಿ ಮನ್ನಿಸಬಹುದು.

ಹೆಸರು ಹೀಗೆ ಲೋಕದಲ್ಲೆಲ್ಲ ಹಬ್ಬಿದ್ದಾಗಲೇ, ೧೮೫೫ ರಲ್ಲಿ, ನೌಕಾಬಲದ ಹಳಬರನ್ನು ಜಾಲಾಡಲು ಸರ್ಕಾರ ಹದಿನೈದು ಅಧಿಕಾರಿಗಳ ಮಂಡಲಿಯೊಂದನ್ನು ನೇಮಿಸಿತು. ಆ ಮಂಡಲಿ ಗುಟ್ಟಾಗಿ ಕುಳಿತು, ಯಾರ ವಾದವನ್ನೂ ಕೇಳದೆ, ೨೦೧ ಅಧಿಕಾರಿಗಳನ್ನು ಸಕ್ರಿಯ ಸೇವೆಯಿಂದ ತೆಗೆದುಹಾಕಿತು. ಅವರಲ್ಲಿ ಮೌರಿಯೂ ಒಬ್ಬ. ಅವನ ಸಂಬಳ ಇಳಿಯಿತು, ಬಡ್ತಿಯ ದಾರಿ ಮುಚ್ಚಿತು. ಕಚೇರಿಯ ಕೆಲಸ ಮಾತ್ರ ಮಾಡುತ್ತಿರು ಎಂದರು. ಯಾವ ತಪ್ಪಿಗೆಂದು ಯಾರೂ ಹೇಳಲಿಲ್ಲ. ಮೂರು ವರ್ಷ ಕಾಗದ ಬರೆದು, ಶಾಸನಸಭೆಯವರನ್ನು ಎಚ್ಚರಿಸಿ, ಕೊನೆಗೆ ೧೮೫೮ ರಲ್ಲಿ ಕಮಾಂಡರ್ ಪದವಿಯೊಡನೆ ಹಿಂದಿನ ಸ್ಥಾನಕ್ಕೆ ಬಂದನು.

ಇನ್ನು ಹೇಳಲೇಬೇಕಾದ ಭಾಗ. ೧೮೬೧ ರ ಏಪ್ರಿಲಿನಲ್ಲಿ ಗುಲಾಮಗಿರಿಯ ವಿಷಯದಲ್ಲಿ ದೇಶ ಎರಡಾಗಿ ಬಿರಿದಾಗ ವರ್ಜೀನಿಯಾ ಪ್ರಾಂತವು ದಕ್ಷಿಣದ ಪಕ್ಷ ವಹಿಸಿತು. ಮೂರೇ ದಿನಗಳಲ್ಲಿ ಮೌರಿ ತನ್ನ ರಾಜೀನಾಮೆಯನ್ನು ಬರೆದುಕೊಟ್ಟು ವಾಷಿಂಗ್ಟನ್ನನ್ನು ಬಿಟ್ಟನು. ಹಲವು ಚರಿತ್ರಕಾರರು ಇದನ್ನು ಹುಟ್ಟಿದ ನೆಲದ ಮೇಲಿನ ನಿಷ್ಠೆಯೆಂದು ಹೇಳಿ ಸುಮ್ಮನಾಗುತ್ತಾರೆ. ಯುದ್ಧವನ್ನು ತಪ್ಪಿಸಲು ಅವನು ಮೊದಲು ಹಲವು ಪ್ರಾಂತಗಳ ಗವರ್ನರುಗಳಿಗೆ ಕಾಗದ ಬರೆದು ಪ್ರಯತ್ನಪಟ್ಟದ್ದೂ ನಿಜ. ಆದರೆ ಈ ವಿವರಣೆ ನಮಗೆ ಸಾಲದು. ಯುದ್ಧಕ್ಕೆ ಹತ್ತು ವರ್ಷ ಮೊದಲೇ, ೧೮೫೧ ರಲ್ಲಿ, ನೌಕಾಬಲವು ಅಮೆಜಾನ್ ನದಿಯ ಶೋಧನೆಗೆ ಲೆಫ್ಟಿನೆಂಟ್ ಹರ್ನ್‌ಡನ್ ಎಂಬುವನನ್ನು ಕಳುಹಿಸಿತು. ಆತನು ಮೌರಿಯ ಹೆಂಡತಿಯ ಸಹೋದರ. ಯೋಜನೆಯ ಹಿಂದಿದ್ದವನು ಮೌರಿ. ಅಮೆಜಾನನ್ನು ಎಲ್ಲ ದೇಶಗಳ ಹಡಗುಗಳಿಗೂ ತೆರೆಯಬೇಕೆಂದು ಅವನು ಬಹಿರಂಗವಾಗಿ ಬರೆಯುತ್ತಿದ್ದನು. ಖಾಸಗಿ ಪತ್ರಗಳಲ್ಲಿದ್ದ ಮಾತು ಬೇರೆ. ಅಮೆರಿಕದ ದಕ್ಷಿಣದಲ್ಲಿ ಹೆಚ್ಚುತ್ತಿದ್ದ ನೀಗ್ರೊ ಗುಲಾಮರನ್ನು ಅವರ ಒಡೆಯರ ಸಮೇತ ಅಮೆಜಾನಿನ ಕಾಡುಗಳಿಗೆ ಸಾಗಿಸಬೇಕು, ಅವರು ಅಲ್ಲಿಯೂ ಗುಲಾಮರಾಗಿಯೇ ಇರಬೇಕು ಎಂಬುದು ಅವನ ಹಂಚಿಕೆ. ಅದಕ್ಕೆ ಅವನು ಕೊಟ್ಟ ಆಧಾರವೇನು? ಅವನದೇ ಪಟಗಳು. ಅಮೆಜಾನಿನ ಬಾಯಿಂದ ಹೊರಟ ನೀರೂ ಗಾಳಿಯೂ ಅಮೆರಿಕದ ಕರಾವಳಿಯನ್ನು ಹಾದು ಹೋಗುವುದರಿಂದ ಆ ಕಣಿವೆ ಪ್ರಕೃತಿನಿಯಮದಂತೆ ಮಿಸಿಸಿಪ್ಪಿಯ ಮುಂದುವರಿಕೆಯೇ ಎಂದು ಅವನು ವಾದಿಸಿದನು.

ಈ ಸಂಗತಿಯನ್ನು ಮೊದಲು ಓದಿದಾಗ ನಾವು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದೆವು. ಸಾವೊ ರೋಕೆಯ ಹಳೆಯ ಭಯವನ್ನು ಅಂಕಿಯಿಟ್ಟು ಒಡೆದವನು ತನ್ನ ನೆರೆಹೊರೆಯ ಹಳೆಯ ನಂಬಿಕೆಯನ್ನು ಒಂದು ಸಲವೂ ಎಣಿಸಿ ನೋಡಲಿಲ್ಲ. ಬರೆದವನು ತಿಮಿಂಗಿಲದ ಬೇಟೆಗಾರನಾದರೂ ಅವನ ದಿನಚರಿಗೆ ಬೆಲೆ ಕೊಟ್ಟವನು, ಹೊಲದಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನರ ಮಾತನ್ನು ಮಾತ್ರ ಸಾಕ್ಷ್ಯವೆಂದೇ ಬಗೆಯಲಿಲ್ಲ. ಪಟದ ಪುಣ್ಯವನ್ನು ಒಂದು ತಟ್ಟೆಯಲ್ಲಿಯೂ ಈ ಪಾಪವನ್ನು ಇನ್ನೊಂದು ತಟ್ಟೆಯಲ್ಲಿಯೂ ಇಟ್ಟು ತೂಗುವುದು ವಾಡಿಕೆ. ನಮಗೆ ಆ ತಕ್ಕಡಿ ಸರಿಕಾಣುವುದಿಲ್ಲ. ರಿಯೊಗೆ ಬೇಗ ಮುಟ್ಟಿದ ಹಡಗು ಯಾವ ಗುಲಾಮನ ಸಂಕೋಲೆಯನ್ನೂ ಹಗುರಮಾಡಲಿಲ್ಲ.

ಯುದ್ಧದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ದಕ್ಷಿಣದವರಲ್ಲಿ ಹಡಗುಗಳಿಲ್ಲ, ಆದ್ದರಿಂದ ಬಂದ ಹಡಗುಗಳನ್ನು ಮುಳುಗಿಸುವ ಉಪಾಯ ಬೇಕಾಗಿತ್ತು. ಮೌರಿ ರಿಚ್ಮಂಡ್ ನಗರದ ಬಂಧುವೊಬ್ಬನ ಮನೆಯ ಸ್ನಾನದ ತೊಟ್ಟಿಯಲ್ಲಿ ಮದ್ದು ಸಿಡಿಸಿ ಪ್ರಯೋಗ ಮಾಡಿದನು. ನೀರಿನಡಿ ವಿದ್ಯುತ್ತಿನಿಂದ ಸಿಡಿಯುವ ಮದ್ದಿನ ಪೀಪಾಯಿಗಳನ್ನು ಜೇಮ್ಸ್ ನದಿಯಲ್ಲಿ ಇಳಿಸಿದನು. ರಷ್ಯದವರು ತಮ್ಮಲ್ಲಿಗೆ ಬಂದು ಶಾಂತವಾಗಿ ಶಾಸ್ತ್ರ ಮುಂದುವರಿಸಬಹುದೆಂದು ೧೮೬೧ ರಲ್ಲಿಯೇ ಕರೆಕಳುಹಿಸಿದ್ದರು, ಅವನು ಒಪ್ಪಲಿಲ್ಲ. ೧೮೬೨ ರಲ್ಲಿ ದಕ್ಷಿಣದ ಸರ್ಕಾರಕ್ಕೆ ಹಡಗು ಕೊಳ್ಳಲು ಕಿರಿಯ ಮಗನೊಡನೆ ಇಂಗ್ಲೆಂಡಿಗೆ ಹೋದನು. ಮರುವರ್ಷದ ಜನವರಿಯಲ್ಲಿ ಇನ್ನೊಬ್ಬ ಮಗ ಜಾನ್, ವಿಕ್ಸ್‌ಬರ್ಗಿನ ಬಳಿ ಶತ್ರುಗಳ ಸುಳಿವು ನೋಡಲು ಹೋದವನು, ಮತ್ತೆ ಬರಲೇ ಇಲ್ಲ. ಕಡಲಿಗೆ ಸತ್ತ ಅಣ್ಣನ ಹೆಸರನ್ನೇ ಮಗನಿಗ ಇಟ್ಟಿದ್ದನು.

೧೮೬೫ ರಲ್ಲಿ ದಕ್ಷಿಣ ಸೋತಾಗ ಮೌರಿಗೆ ಊರಿಗೆ ಮರಳುವಂತಿರಲಿಲ್ಲ. ಕ್ಷಮಾದಾನದಲ್ಲಿ ಅವನಂಥವರು ಸೇರಿರಲಿಲ್ಲ. ಮೆಕ್ಸಿಕೊದಲ್ಲಿ ಆಗ ಫ್ರೆಂಚರ ಬಲದಿಂದ ಸಿಂಹಾಸನವೇರಿದ್ದ ಮಾಕ್ಸಿಮಿಲಿಯನ್ ಚಕ್ರವರ್ತಿಯು ಅವನನ್ನು ವಲಸೆಯ ಕಮೀಷನರನ್ನಾಗಿ ನೇಮಿಸಿದನು. ಸೋತ ದಕ್ಷಿಣದವರನ್ನು ಅಲ್ಲಿಗೆ ತಂದು ಹೊಸ ವರ್ಜೀನಿಯಾ ಕಟ್ಟುವುದು ಉದ್ದೇಶ. ಅದಕ್ಕಾಗಿ ಹೊರಡಿಸಿದ ಆಜ್ಞೆಯಲ್ಲಿ ಕರಿಯ ಕೂಲಿಯವರನ್ನು ಐದರಿಂದ ಹತ್ತು ವರ್ಷ ಒಡೆಯನಿಗೆ ಕಟ್ಟಿಹಾಕುವ ಏರ್ಪಾಡಿತ್ತು. ಸೋಲು ಅವನಿಗೆ ಏನನ್ನೂ ಕಲಿಸಿರಲಿಲ್ಲ. ವಲಸೆಯ ಯೋಜನೆ ನೆಲಕಚ್ಚಿತು. ಮೆಕ್ಸಿಕೊಗೆ ಅವನಿಂದಾದ ಉಪಕಾರ ಮತ್ತೊಂದು: ಚಳಿಜ್ವರಕ್ಕೆ ಮದ್ದಾದ ಸಿಂಕೋನ ಗಿಡವನ್ನು ಅಲ್ಲಿ ನೆಡಿಸಿದನು. ಅದಕ್ಕೆ ಕೆಲವೇ ವರ್ಷ ಹಿಂದೆ ಆಂಗ್ಲರು ಅದೇ ಗಿಡವನ್ನು ನಮ್ಮ ನೀಲಗಿರಿಗೆ ತಂದಿದ್ದರು.

೧೮೬೮ ರಲ್ಲಿ ಮರಳಲು ಅವಕಾಶವಾಯಿತು. ವರ್ಜೀನಿಯಾದ ಲೆಕ್ಸಿಂಗ್ಟನ್ ಎಂಬ ಸಣ್ಣ ಊರಿನ ಸೈನಿಕ ವಿದ್ಯಾಲಯದಲ್ಲಿ ಅಧ್ಯಾಪಕನಾದನು. ಕೊನೆಯ ವರ್ಷಗಳಲ್ಲಿ ಅವನನ್ನು ಹಿಡಿದ ಹಂಬಲ ಒಂದೇ: ಕಡಲಿನವರಿಗೆ ಮಾಡಿದುದನ್ನು ಬೇಸಾಯಗಾರರಿಗೂ ಮಾಡಬೇಕು, ಊರೂರಿನ ಮಳೆ ಬಿಸಿಲುಗಳ ವರದಿಯನ್ನು ತಂತಿಯ ಮೂಲಕ ಒಂದೆಡೆ ಕಲೆಹಾಕಿ ರೈತನಿಗೆ ಮುನ್ಸೂಚನೆ ಕೊಡಬೇಕು. ಅದಕ್ಕಾಗಿ ಊರಿಂದೂರಿಗೆ ಭಾಷಣ ಮಾಡುತ್ತ ತಿರುಗಿ, ೧೮೭೨ ರ ಶರತ್ಕಾಲದಲ್ಲಿ ಹಾಸಿಗೆ ಹಿಡಿದು, ೧೮೭೩ ರ ಫೆಬ್ರವರಿ ೧ ರಂದು ತೀರಿಕೊಂಡನು. ಗೋಷೆನ್ ಕಣಿವೆಯಲ್ಲಿ ಕಾಡುಹೂಗಳು ಅರಳುವ ಕಾಲದಲ್ಲಿ ತನ್ನ ದೇಹವನ್ನು ಆ ದಾರಿಯಾಗಿ ಒಯ್ಯಬೇಕೆಂದು ಕೇಳಿಕೊಂಡಿದ್ದನು. ಒಯ್ಯುವ ವೇಳೆಗೆ ಸೆಪ್ಟೆಂಬರ್ ಬಂದಿತ್ತು. ಹೂವಿನ ಕಾಲ ಕಳೆದುಹೋಗಿತ್ತು. ಅದೇ ತಿಂಗಳು ವಿಯೆನ್ನಾ ನಗರದಲ್ಲಿ, ಬ್ರಸೆಲ್ಸಿನ ಜಾಡು ಹಿಡಿದು, ವಾಯುಗುಣಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಮಹಾಸಭೆ ಸೇರಿತ್ತು.

ರಿಚ್ಮಂಡಿನ ರಾಜಬೀದಿಯಲ್ಲಿ ೧೯೨೯ ರಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು. ೨೦೨೦ ರ ಜುಲೈಯಲ್ಲಿ ಇಳಿಸಿದರು. ಅವನು ಕೂಡಿಸಿದ ದಿನಚರಿಗಳ ಅಂಕಿಗಳನ್ನು ಗಣಕಯಂತ್ರಗಳಿಗೆ ಇಳಿಸಿದ್ದಾರೆ. ನೂರೈವತ್ತು ವರ್ಷಗಳಲ್ಲಿ ಕಡಲು ಎಷ್ಟು ಬೆಚ್ಚಗಾಗಿದೆಯೆಂದು ತಿಳಿಯಬೇಕಾದ ವಿದ್ವಾಂಸರಿಗೆ ಅವು ಬೇಕಾಗಿವೆ. ಅಮೆರಿಕದ ನೌಕಾಬಲದಲ್ಲಿ ಸಮುದ್ರದ ತಳವನ್ನು ಅಳೆಯುವ ಹಡಗೊಂದಕ್ಕೆ ಮೌರಿಯ ಹೆಸರಿತ್ತು. ೨೦೨೩ ರಲ್ಲಿ ಅದನ್ನು ತೆಗೆದು ಮೇರಿ ಥಾರ್ಪ್ ಎಂಬ ವಿದುಷಿಯ ಹೆಸರನ್ನಿಟ್ಟರು. ಮೌರಿ ಇನ್ನೂರು ಅಂಕಿಗಳಿಂದ ‘ನಡುನೆಲ’ವೆಂದು ಗುರುತಿಸಿದ್ದ ದಿಬ್ಬವು ಒಂದು ಮಹಾಪರ್ವತಶ್ರೇಣಿಯೆಂದು ಆಗಲೇ ತಿಳಿದಿತ್ತು, ಅದರ ನೆತ್ತಿಯ ಉದ್ದಕ್ಕೂ ಒಂದು ಸೀಳು ಕಣಿವೆ ಓಡುತ್ತದೆಂದು ೧೯೫೦ ರ ದಶಕದಲ್ಲಿ ಕಂಡುಹಿಡಿದವಳು ಆಕೆ. ಆಕೆಯೂ ಅದನ್ನು ಕಂಡದ್ದು ನ್ಯೂಯಾರ್ಕಿನ ಕಡೆಯ ಒಂದು ಕೋಣೆಯಲ್ಲಿ ಕುಳಿತು, ಬೇರೆಯವರು ಅಳೆದು ತಂದ ಅಂಕಿಗಳನ್ನು ಕಾಗದದ ಮೇಲೆ ಕೂಡಿಸಿ. ಹೆಂಗಸೆಂಬ ಕಾರಣದಿಂದ ಅವಳನ್ನು ಆಗ ಹಡಗಿಗೆ ಹತ್ತಿಸುತ್ತಿರಲಿಲ್ಲ.